ಕಿವಿಗೆ ಮೆಷಿನ್ ಬಂತು, ತಿಂಗಳ ಖರ್ಚಿಗೆ ಏನು ದಾರಿ?

ಪ್ರಶ್ನೆ: ನಮ್ಮ ಏಳು ವರ್ಷದ ಮಗನಿಗೆ ಹುಟ್ಟಿನಿಂದ ಎರಡೂ ಕಿವಿ ಕೇಳಿಸುವುದಿಲ್ಲ. ಮೆಷಿನ್ ಹಾಕಿಸಿದ್ದೇವೆ. ಬ್ಯಾಟರಿ ಖರ್ಚು, ಸ್ಪೀಚ್ ಥೆರಪಿಗೆ ಪೇಟೆಗೆ ಓಡಾಟ, ಹೋದ ದಿನ ಕೂಲಿ ಇಲ್ಲ. ಇದರ ಮೇಲೆ ದಿನಸಿ ಬೆಲೆ ಬೇರೆ. ಸರ್ಕಾರದಿಂದ ಏನಾದರೂ ನೆರವು ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಎಲ್ಲವೂ ಒಂದೇ ಕಚೇರಿಯಲ್ಲಿ ಅಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಖರ್ಚಿಗೆ ಸರ್ಕಾರ ಕೈಬಿಚ್ಚುತ್ತದೆ, ತಿಂಗಳ ಸಣ್ಣ ಖರ್ಚಿಗೆ ಬಿಗಿ ಹಿಡಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಉಚಿತವಾಗಿ ಆದ ಮನೆಗಳಲ್ಲೂ, ವಾರಂಟಿ ಮುಗಿದ ಮೇಲೆ ಅದರ ಹೊರಭಾಗದ ಕೇಬಲ್‌ಗೆ ದುಡ್ಡು ಹೊಂದಿಸಲು ಪರದಾಡುತ್ತಾರೆ. ಹಾಗಾಗಿ ಸಣ್ಣ ಸಣ್ಣ ಮೊತ್ತಗಳನ್ನೇ ಹುಡುಕಿ ಕೂಡಿಸಬೇಕು.

ಎಲ್ಲಕ್ಕೂ ಕೀಲಿ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಶ್ರವಣ ದೋಷ ಶೇಕಡಾ ಎಷ್ಟು ಎಂದು ನಮೂದಿಸುತ್ತಾರೆ. ಮೆಷಿನ್ ಹಾಕಿಕೊಂಡರೆ ಪರ್ಸೆಂಟೇಜ್ ಕಡಿಮೆ ಬರೆಯುತ್ತಾರೆ ಎಂದು ಹೆದರುವವರಿದ್ದಾರೆ. ಆ ಭಯ ಬೇಡ, ಅಳೆಯುವುದೇ ಮೆಷಿನ್ ತೆಗೆದು. ಶೇ. 40 ದಾಟಿದರೆ ಬಹುತೇಕ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಶೇ. 75 ಮತ್ತು 80ರ ಗಡಿಯಲ್ಲೂ ಮೊತ್ತ ಬದಲಾಗುವುದರಿಂದ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆಯ ವರದಿ) ಪ್ರತಿಯನ್ನು ಜೋಪಾನವಾಗಿಡಿ. ಕಾರ್ಡ್‌ಗೆ ಅವಧಿ ಇದ್ದರೆ ಅದು ಮುಗಿಯುವ ಮೊದಲೇ ನವೀಕರಿಸಿ.

ತಿಂಗಳ ನಗದು ಎಂದರೆ ಅಂಗವಿಕಲ ಮಾಸಾಶನ. ನಾಡಕಚೇರಿಯಲ್ಲಿ ಅರ್ಜಿ. ಶೇ. 40ರಿಂದ 75ರವರೆಗೆ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400. ಮಕ್ಕಳಿಗೂ ಕೊಡುತ್ತಾರೆ. ತೊಡಕಿರುವುದು ಆದಾಯ ಮಿತಿಯಲ್ಲಿ: ವರ್ಷಕ್ಕೆ 32,000 ರೂಪಾಯಿ. ಅಂದರೆ ತಿಂಗಳಿಗೆ 2,700 ರೂಪಾಯಿಯೂ ಇಲ್ಲ. ಇಂದಿನ ದಿನಸಿ ಬೆಲೆಯಲ್ಲಿ ಇಷ್ಟರಲ್ಲಿ ಬದುಕುವ ಸಂಸಾರ ಯಾವುದೋ, ಈ ಮಿತಿ ಇಟ್ಟವರೇ ಹೇಳಬೇಕು.

ಓಡಾಟದ ಖರ್ಚನ್ನು ಮಾತ್ರ ನಿಜಕ್ಕೂ ಇಳಿಸಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮಗನಿಗೆ ಸೇವಾ ಸಿಂಧು ಪೋರ್ಟಲ್ ಮೂಲಕ ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸ್ ಮಾಡಿಸಿ. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ವಾರಕ್ಕೊಮ್ಮೆ ಥೆರಪಿಗೆ ಹೋಗುವವರಿಗೆ ಪಾಸಿನ ದುಡ್ಡು ಬೇಗನೆ ಹುಟ್ಟಿಬಿಡುತ್ತದೆ. (ಥೆರಪಿಯ ಓಡಾಟ ಪೂರ್ತಿ ತಾಯಿಯ ತಲೆಗೇ ಬೀಳಲು ಇದೂ ಒಂದು ನೆಪವಾಗುತ್ತದೆ ಎನ್ನುವುದು ಬೇರೆ ಮಾತು.) ಕೂಲಿ ನಷ್ಟಕ್ಕೆ ಪರಿಹಾರ ಕೊಡುವ ಯೋಜನೆ ಇಲ್ಲ. ಆದ್ದರಿಂದ ಹೋಗುವ ದಿನಗಳನ್ನೇ ಕಡಿಮೆ ಮಾಡಿಕೊಳ್ಳುವುದು ಲೇಸು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವೀಡಿಯೋ ಕರೆಯ ಮೂಲಕ ಥೆರಪಿ ಕೊಡುವ ವ್ಯವಸ್ಥೆಯಿದೆ, ನಿಮ್ಮ ಮಗುವಿಗೆ ಹೊಂದುತ್ತದೆಯೇ ಎಂದು ಕೇಳಿ. ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲೂ, ಅಂದರೆ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರದಲ್ಲೂ ವಿಚಾರಿಸಿ. ಪೇಟೆಯ ಖಾಸಗಿ ಕ್ಲಿನಿಕ್‌ನ ಫೀಸಾದರೂ ಉಳಿಯಬಹುದು.

ಮೆಷಿನ್ ಹಳೆಯದಾದರೆ ಇಎಂಐ ಮೇಲೆ ಹೊಸದು ಕೊಳ್ಳುವ ಮೊದಲು ವಿಕಲಚೇತನರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆ ನೋಡಿ. ಮನೆಯ ಆದಾಯ ತಿಂಗಳಿಗೆ 22,500 ರೂಪಾಯಿ ಮೀರದಿದ್ದರೆ ಸಾಧನ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಒಮ್ಮೆ ಪಡೆದವರು ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು ಎಂಬ ನಿಯಮ ಹೇಳಿ ಕೆಲವೆಡೆ ವಾಪಸ್ ಕಳಿಸುವುದುಂಟು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಆ ಮಿತಿ ಒಂದೇ ವರ್ಷ. ಇದನ್ನು ನೆನಪಿಟ್ಟುಕೊಂಡು ಹೋಗಿ. ಕಿವಿ ಬೆಳೆದಂತೆ ಮೆಷಿನ್‌ನ ಅಚ್ಚು (ಕಿವಿಯೊಳಗೆ ಕೂರುವ ಭಾಗ) ಸಡಿಲವಾಗಿ ಮೆಷಿನ್ ಕುಂಯ್ ಎನ್ನತೊಡಗುತ್ತದೆ, ಆಗ ಬದಲಿಸಬೇಕಿರುವುದು ಅಚ್ಚನ್ನು ಮಾತ್ರ. ಮೆಷಿನ್ನೇ ಹೋಯಿತು ಎಂದು ಅಂಗಡಿಯವರು ಹೇಳಿದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಒಮ್ಮೆ ತೋರಿಸಿ.

ಶಾಲೆಯ ಕಡೆಯಿಂದ ಬರುವ ಹಣ ಚಿಕ್ಕದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರಯಾಣ ಭತ್ಯೆ, ಜೊತೆಗೆ ಬರುವವರ ಭತ್ಯೆ ಇವೆ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಇರುವ ಬಿಐಇಆರ್‌ಟಿ, ಅಂದರೆ ವಿಕಲಚೇತನ ಮಕ್ಕಳ ಕಲಿಕೆ ನೋಡಿಕೊಳ್ಳುವ ಶಿಕ್ಷಕರನ್ನು ಕೇಳಿ. ಕೇಂದ್ರದ ವಿದ್ಯಾರ್ಥಿವೇತನ ಸಿಗಬೇಕಾದರೆ ಅವನು ಒಂಬತ್ತನೇ ತರಗತಿಗೆ ಬರಬೇಕು.

ಬ್ಯಾಟರಿಗೆಂದೇ ಪ್ರತ್ಯೇಕ ನೆರವು ಹುಡುಕುವುದಕ್ಕಿಂತ ಗ್ರಾಮ ಪಂಚಾಯಿತಿಗೆ ಹೋಗಿ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಎಷ್ಟೋ ಕಡೆ ಕೇಳುವವರೇ ಇರುವುದಿಲ್ಲ. ಬಾಯಿಮಾತು ಬೇಡ, ಯುಡಿಐಡಿ ಪ್ರತಿ ಮತ್ತು ಬ್ಯಾಟರಿ ಬಿಲ್ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೆಲಸವೇ ಇಂಥ ಅರ್ಜಿಗಳಿಗೆ ನೆರವಾಗುವುದು. ಅವರೂ ಗೌರವಧನದಲ್ಲೇ ದುಡಿಯುವವರು, ಸ್ವಲ್ಪ ತಾಳ್ಮೆ ಇರಲಿ.

ನಿರಾಮಯ ಎಂಬ ಆರೋಗ್ಯ ವಿಮೆ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಕಿವಿಯ ತೊಂದರೆ ಒಂದೇ ಇದ್ದರೆ ಅರ್ಜಿ ಒಪ್ಪುವುದಿಲ್ಲ.