ನಿಂತುಹೋದ ಹಳೆಯ ದೋಣಿ ಮೋಟಾರು: ಮೊದಲು ನೋಡಬೇಕಾದದ್ದು ಪ್ಲಗ್

ಪ್ರಶ್ನೆ: ಕುಣಿಗಲ್ ತಾಲ್ಲೂಕಿನ ನಮ್ಮ ಮೀನುಗಾರರ ಗುಂಪಿನಲ್ಲಿ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು ಇದೆ. ಕೆರೆ ಬತ್ತಿದ್ದರಿಂದ ಬಹಳ ಕಾಲ ಅದನ್ನು ಬಳಸಿರಲಿಲ್ಲ. ಈಗ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಕಾರ್ಬೊರೇಟರ್ ಹೊಸದು ಹಾಕಿಸಬೇಕೆ?

ಉತ್ತರ: ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ. ಕರಾವಳಿಯ ಮೋಟಾರುಗಳನ್ನು ಉಪ್ಪುನೀರು ತಿನ್ನುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯೇ ಒಣಗುವ ತುಮಕೂರು, ಕೋಲಾರದ ಕಡೆ ಅವು ಕೆಡುವುದು ಹೆಚ್ಚಾಗಿ ಸುಮ್ಮನೆ ನಿಂತು.

ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಕೂತಿದೆಯೇ, ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಬಿಚ್ಚಿದೆಯೇ ಎಂದು ನೋಡಿಕೊಂಡು, ಪೈಪಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಒತ್ತಿರಿ. ಆಮೇಲೆ ಚೋಕ್ ಹಾಕಿ ನಾಲ್ಕಾರು ಬಾರಿ ಹಗ್ಗ ಎಳೆದು, ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಮುಂದೆ ಯಾವ ಕಡೆ ಹುಡುಕಬೇಕೆಂಬುದನ್ನು ಆ ಪ್ಲಗ್ಗೇ ಹೇಳುತ್ತದೆ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ನಿಮ್ಮ ಮೋಟಾರಿನ ವಿಷಯದಲ್ಲಿ ನನ್ನ ಅನುಮಾನ ಇದರ ಮೇಲೆಯೇ. ನಿಂತ ಪೆಟ್ರೋಲ್ ಆವಿಯಾಗಿ ಕಾರ್ಬೊರೇಟರಿನ ಬಟ್ಟಲಿನಲ್ಲಿ ವಾರ್ನಿಷ್ ವಾಸನೆಯ ಕಂದು ಅಂಟನ್ನು ಉಳಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಇರುವ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದಲ್ಲದೆ, ಅದಕ್ಕೆಂದು ಮಾಡಿರದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನೂ ಹಾಳುಮಾಡುತ್ತದೆ. ಬಟ್ಟಲನ್ನು ಬಿಚ್ಚಿ, ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಸಣ್ಣ ಆ ತೂತು ಆರಪಾರ ಕಾಣಬೇಕು. ಕಾಣದಿದ್ದರೆ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಕಬ್ಬಿಣದ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ, ಅದು ಬೇಡ. ಹಳೆಯ ಆರ್‌ಎಕ್ಸ್ 100, ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್ ನಿಮ್ಮೂರಿನಲ್ಲಿದ್ದರೆ ಈ ಕೆಲಸವನ್ನು ಧೈರ್ಯವಾಗಿ ಅವರಿಗೆ ಒಪ್ಪಿಸಬಹುದು.

ಪ್ಲಗ್ ಒದ್ದೆಯಾಗಿದ್ದರೆ ಕರೆಂಟ್ ನೋಡಬೇಕು. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಕ್ಯಾಪಿಗೆ ಸಿಕ್ಕಿಸಿದ ಪ್ಲಗ್ಗಿನ ಲೋಹವನ್ನು ಇಂಜಿನ್ನಿಗೆ ತಾಗಿಸಿಟ್ಟು ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟನೆ ಹಾರಬೇಕು. ಹಾರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ; ಆಮೇಲೂ ಇಲ್ಲವೆಂದರೆ, ಹಳೆಯ ಮಾದರಿಗಳಲ್ಲಿ ಫ್ಲೈವೀಲಿನ ಕೆಳಗಿರುವ, ಕಿಡಿಯ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟುಗಳು ಕಿಲುಬು ಹಿಡಿದಿರಬಹುದು. ಕಿಡಿ ಚೆನ್ನಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಪ್ಲಗ್ ಒರೆಸಿ ಹಾಕಿ, ಚೋಕ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಎಳೆಯಿರಿ.

ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದು ಹಗ್ಗ ತಡೆಯೇ ಇಲ್ಲದೆ ಹಗುರಾಗಿ ಬಂದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ. ಅದು ಬೋರ್, ರಿಂಗ್‌ಗಳ ಕೆಲಸ.

ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಹೊಸ ಪೆಟ್ರೋಲಿಗೆ ಕಂಪನಿ ಹೇಳಿದ ಪ್ರಮಾಣದಲ್ಲಿ ಆಯಿಲ್ ಬೆರೆಸಿ. 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಆದರೆ 40 ಮಿ.ಲೀ. ಪರೀಕ್ಷೆಯನ್ನು ಮಾತ್ರ ನೀರು ತುಂಬಿದ ಡ್ರಮ್ಮಿನಲ್ಲಿಯೇ ಮಾಡಿ, ಒಣ ನೆಲದ ಮೇಲೆ ಬೇಡ: ತಂಪು ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಒಣಗಿ ಓಡಿದರೆ ಬೇಗನೆ ಹರಿದುಹೋಗುತ್ತದೆ. ಇಂಜಿನ್ ಹಿಡಿದುಕೊಂಡ ಮೇಲೂ ಪಕ್ಕದ ಕಿಂಡಿಯಿಂದ ನೀರಿನ ಧಾರೆ ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ, ಆ ಕಿಂಡಿಯಲ್ಲಿ ಹೂಳು ಕಟ್ಟಿದೆಯೇ, ಇಂಪೆಲ್ಲರ್ ಸರಿಯಿದೆಯೇ ಎಂದು ನೋಡಿಸಿ.