ಕುಲಪತಿ ಕುವೆಂಪು ಮತ್ತು ಮಲೆನಾಡಿನ ಮಳೆಗೆ ಸಿಕ್ಕ ಪುಸ್ತಿಕೆಗಳು

ಕುಪ್ಪಳಿಯ ಕುವೆಂಪು ಎಂದರೆ ನಮಗೆ ಮೊದಲು ನೆನಪಾಗುವುದು ಕವಿ, ಕಾದಂಬರಿಕಾರ. ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿದ್ದರು. ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿ ಅವರ ಕನಸು. ವಿಜ್ಞಾನ ಓದುವವರಿಗೆ ಮಾತ್ರ ಅವರ ಇನ್ನೊಂದು ಕೆಲಸ ಜಾಸ್ತಿ ದೊಡ್ಡದು. ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕು, ಅದು ಹಳ್ಳಿಯವರೆಗೂ ಹೋಗಬೇಕು ಎಂದು ಅವರು ಹಟ ಹಿಡಿದಿದ್ದರು. ಪ್ರಾಧ್ಯಾಪಕರು ಹಳ್ಳಿಗೆ ಹೋಗಿ ಮಾತಾಡುವುದು, ಆ ಮಾತನ್ನು ಪುಟ್ಟ ಪುಸ್ತಿಕೆಯಾಗಿ ಅಚ್ಚು ಹಾಕುವುದು ಮೈಸೂರಿನಲ್ಲಿ ಮೊದಲೇ ಶುರುವಾಗಿತ್ತು. ಕುವೆಂಪು ಕಾಲದಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಬಲ ಬಂತು.

ಅಂಥ ಪುಸ್ತಿಕೆ ಮಲೆನಾಡಿನ ಹಳೇ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಹುಷಾರಾಗಿ ಬಿಡಿಸಿ. ಕಾಗದದ ಜೀವ ಸೆಲ್ಯುಲೋಸ್. ಗ್ಲೂಕೋಸ್ ಅಣುಗಳು ಉದ್ದಕ್ಕೆ ಕೊಂಡಿ ಹಾಕಿಕೊಂಡ ಸರಪಳಿ ಅದು. ಶಾಯಿ ಹರಡದಿರಲಿ ಎಂದು ಆಗಿನ ಕಾರ್ಖಾನೆಗಳು ಪಟಿಕ ಮತ್ತು ರಾಳವನ್ನು ತಿರುಳಿಗೆ ಬೆರೆಸುತ್ತಿದ್ದವು. ಪಟಿಕದಿಂದ ಕಾಗದದಲ್ಲಿ ಆಮ್ಲ ಉಳಿಯುತ್ತದೆ. ತೇವ ಸೇರಿದರೆ ಆ ಆಮ್ಲ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಮಡಿಸಿದ ಮೂಲೆ ಪುಡಿಯಾಗುವುದು ಇದಕ್ಕೇ. ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ಬೆಳಕು ಬಿದ್ದರೆ ಹಳದಿಯಾಗುತ್ತದೆ.

ನಮ್ಮಲ್ಲಿ ತೇವಕ್ಕೆ ಬರವೇ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯ ಆರ್ದ್ರತೆ ಶೇಕಡಾ 65-70 ದಾಟಿ ಹಾಗೇ ನಿಂತರೆ ಸಾಕು, ಕಾಗದಕ್ಕೆ ಬೂಸ್ಟು ಹತ್ತುತ್ತದೆ. ಪುಸ್ತಿಕೆಯ ಬೆನ್ನಿಗೆ ಹಚ್ಚಿದ ಮೈದಾ ಅಂಟಿನಲ್ಲಿ ಪಿಷ್ಟವಿದೆ. ಪುಸ್ತಕದ ಹುಳಕ್ಕೆ ಅದೇ ಊಟ.

ಕುಪ್ಪಳಿ, ಆಗುಂಬೆ ಇರುವ ಶಿವಮೊಗ್ಗ ಜಿಲ್ಲೆಯದೇ ಭದ್ರಾವತಿಯಲ್ಲಿ 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ನಮ್ಮ ಕಾಡಿನ ಬಿದಿರು ಅಲ್ಲಿ ಕಾಗದವಾಯಿತು. ಕಾಗದ ಮಾಡಿದ ಊರು ಕಾಗದ ಉಳಿಸುವುದನ್ನೂ ಕಲಿಯಬೇಕು ಅಲ್ವಾ?

ಒದ್ದೆ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ. ನೆರಳಲ್ಲಿ, ಫ್ಯಾನಿನ ಗಾಳಿಗೆ ಆರಲಿ. ಬೂಸ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಹರಡುತ್ತದೆ. ಪೂರ್ತಿ ಒಣಗಿದ ಮೇಲೆ ಮನೆಯಾಚೆ, ಮೂಗು ಮುಚ್ಚಿಕೊಂಡು, ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಆಮೇಲೆ ಫೋನಿನಲ್ಲಿ ಪುಟಗಳ ಫೋಟೊ ತೆಗೆಯಿರಿ. ಮೊದಲು ರಕ್ಷಾಪುಟದ ಒಳಗಿನ ಒಂದೆರಡು ಹಾಳೆಗಳ ಫೋಟೊ ತೆಗೆದುಬಿಡಿ. ವರ್ಷ, ಬೆಲೆ, ಅಚ್ಚು ಹಾಕಿದವರ ವಿವರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಂಚಿಗಿರುವ ಆ ಹಾಳೆಗಳೇ ಮೊದಲು ಕಿತ್ತು ಹೋಗುವುದು.