ಚೊಂಬಿನ ತಳ ನೇರ ಗೆರೆಯಲ್ಲ

ಚಿತ್ರ ಕಲಿಯಲು ಬರುವವರ ಮುಂದೆ ಮೊದಲ ದಿನ ನಾನು ಇಡುವುದು ಒಂದು ಹಿತ್ತಾಳೆ ಚೊಂಬು. ಮೈಸೂರಿನ ಎಷ್ಟೋ ಮನೆಗಳಲ್ಲಿ ಕಳಶಕ್ಕೆ ಅಂತಾದರೂ ಒಂದು ಇದ್ದೇ ಇರುತ್ತದೆ. ಹೆಚ್ಚಿನವರು ಬಾಯಿಯನ್ನು ದುಂಡಗೆ ಬರೆದು, ತಳಕ್ಕೆ ಬಂದಾಗ ನೇರ ಗೆರೆ ಎಳೆದುಬಿಡುತ್ತಾರೆ. ಯಾಕೆ ಅಂದರೆ, "ಟೇಬಲ್ ಮೇಲೆ ಸಮವಾಗಿ ಕೂತಿದೆಯಲ್ಲ ಮೇಡಂ" ಅನ್ನುತ್ತಾರೆ. ಕೂತಿರುವುದು ನಿಜ. ಆದರೆ ಅದು ಅವರಿಗೆ ಗೊತ್ತಿರುವ ವಿಷಯ, ಕಣ್ಣಿಗೆ ಕಾಣುತ್ತಿರುವುದಲ್ಲ.

ಆಗ ಗಾಜಿನ ಲೋಟ ತರುತ್ತೇನೆ. ನೀವೂ ಮಾಡಿ ನೋಡಿ. ಅರ್ಧ ನೀರು ಹಾಕಿ ಟೇಬಲ್ ಮೇಲಿಟ್ಟು, ನಿಂತುಕೊಂಡು ನೋಡಿ. ಅಂಚು, ನೀರಿನ ಮಟ್ಟ, ತಳ ಮೂರೂ ಅಂಡಾಕಾರ. ಕೆಳಗಿನದು ಮೇಲಿನದಕ್ಕಿಂತ ಜಾಸ್ತಿ ದುಂಡಗಿರುತ್ತದೆ. ಈಗ ನಿಧಾನವಾಗಿ ಮಂಡಿ ಬಗ್ಗಿಸಿ ಕೆಳಗಿಳಿಯಿರಿ. ಅಂಚು ಕಣ್ಣಿನ ನೇರಕ್ಕೆ ಬಂದ ಕೂಡಲೇ ಬರೀ ಗೆರೆಯಾಗುತ್ತದೆ. ಇನ್ನೂ ಸ್ವಲ್ಪ ಇಳಿದರೆ ನೀರು ಗೆರೆಯಾಗುತ್ತದೆ, ಅಷ್ಟರಲ್ಲಿ ಅಂಚು ಮೇಲಕ್ಕೆ ಬಾಗಿರುತ್ತದೆ! ಇದನ್ನು ಒಮ್ಮೆ ಕಂಡವರು ತಳವನ್ನು ಮತ್ತೆ ನೇರವಾಗಿ ಬರೆಯುವುದಿಲ್ಲ. ಅಂಡಾಕಾರದ ಎರಡು ತುದಿಗಳು ಮಾತ್ರ ಚೂಪಾಗಬಾರದು, ಅಲ್ಲೂ ಗೆರೆ ತಿರುಗಲೇಬೇಕು.

ಆಮೇಲೆ ಹೊಳಪು. ಮಣ್ಣಿನ ಕುಡಿಕೆಯಲ್ಲಿ ಬೆಳಕು ಮೆಲ್ಲಗೆ ನೆರಳಾಗುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯಲ್ಲಿ ಹಾಗಲ್ಲ. ಅದು ಡೊಂಕು ಕನ್ನಡಿ. ಕಿಟಕಿಯ ಬಿಳುಪಿಗೆ ಅಂಟಿಕೊಂಡೇ ಕಡು ಕಪ್ಪು ಇರುತ್ತದೆ. ಆ ಕಪ್ಪಿಗೆ ಹೆದರಿ, ಬೆರಳಲ್ಲಿ ಸುಮ್ನೆ ಉಜ್ಜಿ ಎಲ್ಲವನ್ನೂ ಬೂದಿ ಬಣ್ಣ ಮಾಡಿದರೆ ಚೊಂಬು ಸತ್ತೇಹೋಗುತ್ತದೆ. ಹೊಳಪಿರುವಲ್ಲಿ ಕಾಗದವನ್ನು ಮುಟ್ಟಬೇಡಿ. ಪಕ್ಕದಲ್ಲಿ ಮೆತ್ತಗೆ, ಕಡು ಕಪ್ಪಾಗಿ ಬರೆಯುವ 6ಬಿ ಪೆನ್ಸಿಲ್ ಧೈರ್ಯವಾಗಿ ಒತ್ತಿ.

ನನ್ನ ಮಾತು ಸಾಲದಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ, ಚಿತ್ರಕಾರ ಹಲ್ದಣಕರ್ ಅವರು ಜಲವರ್ಣದಲ್ಲಿ ಬರೆದ ದೀಪ ಹಿಡಿದ ಹೆಣ್ಣಿನ ಮುಂದೆ ನಿಲ್ಲಿ. ಎಲ್ಲರೂ ದೀಪದ ಬೆಳಕನ್ನೇ ನೋಡುತ್ತಾರೆ. ನೀವು ಸುತ್ತಲಿನ ಕತ್ತಲೆ ನೋಡಿ. ಅಷ್ಟು ಕತ್ತಲೆ ಇರುವುದಕ್ಕೇ ಅಲ್ವಾ ಆ ಬೆಳಕು!

ಮನೆಯಲ್ಲಿ ಬರೆಯುವಾಗ ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕು ಸಾಕು. ಒಂದು ವಾರ ಅದೇ ಚೊಂಬನ್ನು ಬರೆಯಿರಿ. ಎರಡನೇ ವಾರ ಪಕ್ಕದಲ್ಲಿ ಕುಡಿಕೆ ಇಡಿ. ಚೊಂಬಿನ ಹೊಟ್ಟೆಯೊಳಗೆ ಕುಡಿಕೆ ಸಣ್ಣಗೆ, ಸೊಟ್ಟಗೆ ಕಾಣುತ್ತದೆ. ಅದನ್ನೂ ಬರೆಯಿರಿ.